ರಾತ್ರಿ ಬಸ್ಸು ಎಲ್ಲಿ ನಿಲ್ಲಬೇಕು?

ಮಂಗಳೂರು, ಉಡುಪಿಯಲ್ಲಿ ಹಗಲು ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಮಕ್ಕಳೂ ಹೇಳುತ್ತಾರೆ. ಕೊನೆಯ ಟ್ರಿಪ್ ಆದ ಮೇಲೆ ಅದೇ ಬಸ್ಸು ಎಲ್ಲಿರುತ್ತದೆ? ಎಷ್ಟೋ ಕಡೆ ರಸ್ತೆ ಬದಿಯಲ್ಲೇ. ನಮ್ಮ ಓಣಿಯ ತಿರುವಿನಲ್ಲೂ ಒಂದು ನಿಲ್ಲುತ್ತದೆ, ಬೆಳಿಗ್ಗೆ ಬೇಗ ಕ್ಲೀನರ್ ಹುಡುಗ ಬಕೆಟ್ ನೀರಿನಲ್ಲಿ ಗಾಜು ಒರೆಸುತ್ತಾನೆ, ಚಕ್ರದ ಕೆಳಗೆ ಆಯಿಲ್ ಸೋರಿ ಡಾಂಬರು ಕಪ್ಪಾಗಿದೆ, ಶಾಲೆಗೆ ಹೋಗುವ ಮಕ್ಕಳು ಅದನ್ನು ಸುತ್ತಿಕೊಂಡು ನಡುರಸ್ತೆಗೆ ಇಳಿಯಬೇಕು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಅವನು ಮಲಗುವುದೂ ಹಿಂದಿನ ಸೀಟಿನಲ್ಲೇ.

1988ರ ಮೋಟಾರು ವಾಹನ ಕಾಯ್ದೆಯ 70ನೇ ಸೆಕ್ಷನ್ ಓದಿ. ಸ್ಟೇಜ್ ಕ್ಯಾರೇಜ್ ಪರ್ಮಿಟ್‌ಗೆ, ಅಂದರೆ ದಾರಿಯಲ್ಲಿ ಜನರನ್ನು ಹತ್ತಿಸಿ ಇಳಿಸಿ ಬಿಡಿ ಟಿಕೆಟ್ ಕೊಡುವ ಬಸ್ಸಿನ ಪರವಾನಗಿಗೆ, ಅರ್ಜಿ ಹಾಕುವಾಗ ರೂಟು, ಸೀಟು, ಟೈಮಿಂಗ್ ಮಾತ್ರ ಅಲ್ಲ, ಗಾಡಿ ಇಡಲು, ರಿಪೇರಿ ಮಾಡಲು ಏನು ವ್ಯವಸ್ಥೆ ಅಂತಲೂ ಬರೆಯಬೇಕು. ನಮ್ಮಲ್ಲಿ ಟೈಮಿಂಗ್ ವಿಷಯದಲ್ಲಿ ಆಗುವಷ್ಟು ಜಗಳ ಈ ಸಾಲಿನ ಬಗ್ಗೆ ಆಗುವುದೇ ಇಲ್ಲ.

ಬ್ರಿಟನ್ನಿನಲ್ಲಿ ಇದಕ್ಕೆ ಆಪರೇಟಿಂಗ್ ಸೆಂಟರ್ ಅಂತಾರೆ, ಅಂದರೆ ಗಾಡಿ ಸಾಮಾನ್ಯವಾಗಿ ನಿಲ್ಲುವ ಜಾಗ. ಬಸ್ ಕಂಪನಿಯವರು ಲೈಸೆನ್ಸ್ ಕೇಳುವಾಗ ಆ ಲೈಸೆನ್ಸ್ ಕೊಡುವ ಅಧಿಕಾರಿ ಟ್ರಾಫಿಕ್ ಕಮಿಷನರ್‌ಗೆ ಅದನ್ನು ತಿಳಿಸಲೇಬೇಕು.

ಇಲ್ಲಿ ಜಾಗದ ಬೆಲೆ ಜಾಸ್ತಿ, ಒಂದೆರಡು ಬಸ್ಸಿರುವ ಮಾಲೀಕರಿಗೆ ಸ್ವಂತ ಶೆಡ್ ಕಷ್ಟ, ಒಪ್ಪುತ್ತೇನೆ. ಹಾಗಾದರೆ ನಾಲ್ಕೈದು ಮಾಲೀಕರು ಸೇರಿ ಒಂದು ಜಾಗ ಬಾಡಿಗೆಗೆ ಹಿಡಿಯಬಹುದು ಅಲ್ವಾ? ಪರ್ಮಿಟ್ ಸಾಮಾನ್ಯವಾಗಿ 5 ವರ್ಷಕ್ಕೆ. ನವೀಕರಣಕ್ಕೆ ಬಂದಾಗ ಪರ್ಮಿಟ್ ಕೊಡುವ ಆರ್‌ಟಿಎ (ಪ್ರಾದೇಶಿಕ ಸಾರಿಗೆ ಪ್ರಾಧಿಕಾರ) ಆ ಜಾಗವನ್ನು ಹೋಗಿ ನೋಡಲಿ, ಅಲ್ಲಿ ಸಿಬ್ಬಂದಿಗೆ ಮಲಗಲು ಒಂದು ಕೋಣೆ, ಶೌಚಾಲಯ ಇದೆಯಾ ಅಂತಲೂ ಕೇಳಲಿ.