ವಾಹಕ ಭ್ರೂಣವನ್ನು ಬಿಟ್ಟುಬಿಡಬೇಕೇ?

ನಾನೂ ನನ್ನ ಪತಿಯೂ ಬೀಟಾ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರು, ಅಂದರೆ ಸಂಬಂಧಿಸಿದ ವಂಶವಾಹಿಯ (ಜೀನ್) ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ದೋಷವಿರುವವರು. ಅಲ್ಪಸ್ವಲ್ಪ ರಕ್ತಹೀನತೆಯನ್ನು ಬಿಟ್ಟರೆ ಇದರಿಂದ ನಮಗೇನೂ ತೊಂದರೆಯಾಗಿಲ್ಲ. ಆದರೆ ಇಬ್ಬರೂ ವಾಹಕರಾಗಿರುವಾಗ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಪೂರ್ಣರೂಪದಲ್ಲಿ ಬರುವ ಸಂಭವ ನಾಲ್ಕರಲ್ಲಿ ಒಂದು. ತೀವ್ರ ಥಲಸ್ಸೇಮಿಯಾದ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸುತ್ತಿರಬೇಕು, ಅದರಿಂದ ಮೈಯಲ್ಲಿ ಸೇರುವ ಕಬ್ಬಿಣದಂಶವನ್ನು ಔಷಧದಿಂದ ಹೊರಹಾಕುತ್ತಲೂ ಇರಬೇಕು. ಸಹಜವಾಗಿ ಗರ್ಭ ಧರಿಸಿ, ಮೂರನೆಯ ತಿಂಗಳಿನಲ್ಲಿ ಪರೀಕ್ಷೆ ಮಾಡಿಸಿ, ಗರ್ಭಪಾತದ ಪ್ರಶ್ನೆಯನ್ನು ಎದುರಿಸುವ ಶಕ್ತಿ ನನಗಿರಲಿಲ್ಲ. ಆದ್ದರಿಂದ ಐವಿಎಫ್ (ದೇಹದ ಹೊರಗೆ, ಪ್ರಯೋಗಾಲಯದಲ್ಲಿ ಭ್ರೂಣವನ್ನು ರೂಪಿಸುವ ವಿಧಾನ) ಜೊತೆಗೆ ಭ್ರೂಣದ ವಂಶವಾಹಿ ಪರೀಕ್ಷೆಯನ್ನು ಆರಿಸಿಕೊಂಡೆವು.

ಐದು ಅಥವಾ ಆರನೆಯ ದಿನದ ಭ್ರೂಣದ ಹೊರಪದರದಿಂದ, ಅಂದರೆ ಮುಂದೆ ಮಾಸುಚೀಲವಾಗುವ ಭಾಗದಿಂದ, ಕೆಲವೇ ಜೀವಕೋಶಗಳನ್ನು ತೆಗೆದು, ವರದಿ ಬರುವವರೆಗೆ ಭ್ರೂಣವನ್ನು ಶೀತಲೀಕರಿಸಿ ಇಡುತ್ತಾರೆ. ಅಷ್ಟು ಕಡಿಮೆ ಡಿಎನ್‌ಎಯನ್ನು ಪರೀಕ್ಷೆಗೆ ಸಾಲುವಷ್ಟು ನಕಲು ಮಾಡಿ ಹೆಚ್ಚಿಸುವಾಗ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕಾಣಿಸದೆ ಹೋಗಬಹುದಾದ್ದರಿಂದ, ಡಿಎನ್‌ಎಯಲ್ಲಿ ದೋಷದ ಆಚೀಚೆ ಇರುವ ಗುರುತುಗಳನ್ನೂ ಕುಟುಂಬದವರ ರಕ್ತದೊಂದಿಗೆ ಹೋಲಿಸಿ ನೋಡುತ್ತಾರೆ. ಹೀಗಾಗಿ ನಮ್ಮ ಅತ್ತೆ, ಮಾವನವರೂ ರಕ್ತ ಕೊಡಬೇಕಾಯಿತು.

ಇದರ ಜೊತೆಗೆ ಭ್ರೂಣದ ಎಲ್ಲ ಕ್ರೋಮೋಸೋಮುಗಳ (ವಂಶವಾಹಿಗಳನ್ನು ಹೊತ್ತ ಎಳೆಗಳ) ಎಣಿಕೆಯನ್ನೂ ಮಾಡಿಸಿದರೆ ಯಶಸ್ಸು ಹೆಚ್ಚುತ್ತದೆಂದು ನಾವು ಮೊದಲು ಹೋಗಿದ್ದ ಆಸ್ಪತ್ರೆಯಲ್ಲಿ ಹೇಳಿದ್ದರು. ಆದರೆ ಆ ಎಣಿಕೆಯು ಇರುವ ಭ್ರೂಣಗಳಲ್ಲಿ ಆಯ್ದು ಕೊಡುತ್ತದೆಯೇ ಹೊರತು ಯಾವ ಭ್ರೂಣವನ್ನೂ ಉತ್ತಮಗೊಳಿಸುವುದಿಲ್ಲ. 20ರಿಂದ 37 ವರ್ಷದ, ಕನಿಷ್ಠ ಮೂರು ಒಳ್ಳೆಯ ಭ್ರೂಣಗಳಿದ್ದ ಮಹಿಳೆಯರ ಮೇಲೆ ಚೀನಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಎಣಿಕೆ ಮಾಡಿಸಿದವರಲ್ಲಿ ಶೇ. 77.2, ಮಾಡಿಸದವರಲ್ಲಿ ಶೇ. 81.8 ಮಂದಿಗೆ ಮಗುವಾಯಿತು. ನಾನು ಅದೇ ವಯೋಮಾನದವಳು, ಬೇಡವೆಂದೆ.

ವಿಷಯ ತಿಳಿದ ಚಿಕ್ಕಮ್ಮ, "ಹಾಗಾದರೆ ಗಂಡೋ ಹೆಣ್ಣೋ ಅನ್ನುವುದೂ ಗೊತ್ತಾಗುತ್ತದಲ್ಲವೇ?" ಎಂದು ಕೇಳಿದರು. ತಂತ್ರಜ್ಞಾನಕ್ಕೆ ಅದು ಸಾಧ್ಯ. 1990ರಲ್ಲಿ ಲಂಡನ್ನಿನಲ್ಲಿ ಈ ಪರೀಕ್ಷೆ ಆರಂಭವಾದದ್ದೇ ಮುಖ್ಯವಾಗಿ ಗಂಡುಮಕ್ಕಳಿಗೆ ಬರುವ ಕಾಯಿಲೆಗಳನ್ನು ತಪ್ಪಿಸಲು ಭ್ರೂಣದ ಲಿಂಗವನ್ನು ಗುರುತಿಸುವ ಮೂಲಕ. ನಮ್ಮಲ್ಲಿ ಲಿಂಗ ಆಯ್ಕೆ ಅಪರಾಧ. 2021ರ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯು ಭ್ರೂಣ ಪರೀಕ್ಷೆಯನ್ನು ಮುಖ್ಯವಾಗಿ ಮೊದಲೇ ತಿಳಿದಿರುವ ಆನುವಂಶಿಕ ಕಾಯಿಲೆಗಳಿಗೆ ಸೀಮಿತಗೊಳಿಸಿದೆ. ಹುಟ್ಟಲಿರುವ ಮಗುವಿನ ಎತ್ತರ, ಬುದ್ಧಿಮತ್ತೆಗಳನ್ನು ಅಂದಾಜು ಮಾಡುತ್ತೇವೆಂದು ಅಮೆರಿಕದ ಕೆಲವು ಕಂಪನಿಗಳು ಭ್ರೂಣ ಪರೀಕ್ಷೆಗಳನ್ನು ಮಾರುತ್ತಿರುವುದನ್ನು ನೋಡಿದರೆ, ಈ ಬೇಲಿ ಇರುವುದೇ ಒಳ್ಳೆಯದೆನ್ನಿಸುತ್ತದೆ.

ನಮ್ಮನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಬೇರೆಯೇ. ನಮ್ಮಂಥವರ ಭ್ರೂಣಗಳಲ್ಲಿ ಸರಾಸರಿ ಅರ್ಧದಷ್ಟು ವಾಹಕವಾಗಿರುತ್ತವೆ, ಅಂದರೆ ನಮ್ಮಂತೆಯೇ ಇರುತ್ತವೆ. ಅವನ್ನೂ ಬದಿಗಿಟ್ಟು ಪೂರ್ಣ ದೋಷಮುಕ್ತವಾದದ್ದನ್ನೇ ಹುಡುಕಬೇಕೆಂದು ಬಂಧುಗಳು ಸಲಹೆ ಕೊಟ್ಟರು. ಆ ಅಳತೆಯಲ್ಲಿ ನಾನೇ ಹುಟ್ಟುತ್ತಿರಲಿಲ್ಲ. ಬೆಳವಣಿಗೆಯಲ್ಲಿ ಮುಂದಿರುವುದು ವಾಹಕ ಭ್ರೂಣವಾದರೆ ಅದನ್ನೇ ಮೊದಲು ವರ್ಗಾಯಿಸಿರೆಂದು ವೈದ್ಯರಿಗೆ ಬರೆದುಕೊಟ್ಟಿದ್ದೇವೆ. ಆ ಮಗು ಮುಂದೆ ಮದುವೆಯಾಗುವಾಗ ಸಂಗಾತಿಯ ರಕ್ತವನ್ನೊಮ್ಮೆ ಪರೀಕ್ಷೆ ಮಾಡಿಸಬೇಕು, ಅಷ್ಟೇ.