ಗೊಂಬೆಗೂ ಕೈ ಸರ್ಕಾರ

21 ಮೇ 2023, ರವಿವಾರ
ಪುಣೆ

ಪುಣೆಯ ಬಿಸಿಲನ್ನು ಧಾರವಾಡದವರು ಬೈದರೆ ಅಕ್ಕನಿಗೆ ಸಿಟ್ಟು ಬರುತ್ತದೆ, ಆದ್ದರಿಂದ ಅದರ ಸುದ್ದಿ ಬೇಡ. ಸಂಜೆ ಕೋಥ್ರೂಡ್‌ನ ನಾಟ್ಯಗೃಹವೊಂದರಲ್ಲಿ ಮಾತಾಡುವ ಗೊಂಬೆಯ ಹಾಸ್ಯದ ಆಟ ನೋಡಿ ಬಂದೆವು. ಮಕ್ಕಳಿಗೆ ಬೇಸಗೆ ರಜೆ ಬಿತ್ತೆಂದರೆ ಈ ಊರಿನಲ್ಲಿ ಬಾಲನಾಟ್ಯ, ಜಾದೂ, ಗೊಂಬೆಯಾಟಗಳ ಸುಗ್ಗಿ. ಟಿಕೆಟ್ ತೆಗೆಸಿದವರು ಭಾವ. ಹೊರಟವರು ಅಕ್ಕ, ಭಾವ, ಅಕ್ಕನ ಮೊಮ್ಮಗ ಚಿಂಟೂ ಮತ್ತು ನಾನು. ಚಿಂಟೂನ ತಾಯಿ ಮಾತ್ರ ಬರಲಿಲ್ಲ. ಅವಳು ಚಿಕ್ಕವಳಿದ್ದಾಗ ನೋಡಿದ 1993ರ ಮರಾಠಿ ಸಿನಿಮಾ ‘ಝಪಾಟಲೇಲಾ’ ಇನ್ನೂ ಅವಳನ್ನು ಬಿಟ್ಟಿಲ್ಲ. ಅದರಲ್ಲಿ ಕೇಡಿಯೊಬ್ಬನ ಜೀವ ಗೊಂಬೆಯೊಳಗೆ ಹೊಕ್ಕುತ್ತದೆ. ತಾತ್ಯಾ ವಿಂಚೂ ಎಂಬ ಆ ಗೊಂಬೆಯ ಹೆಸರು ತೆಗೆದರೆ ಇವತ್ತಿಗೂ ಆಕೆ ಕಿವಿ ಮುಚ್ಚಿಕೊಳ್ಳುತ್ತಾಳೆ.

ಆ ಗೊಂಬೆಯ ಹಿಂದಿದ್ದದ್ದು ಮುಂಬೈಯ ರಾಮದಾಸ್ ಪಾಧ್ಯೆ. ಹೆಸರು ಗೊತ್ತಿಲ್ಲದಿದ್ದರೂ ದೂರದರ್ಶನ ನೋಡಿ ಬೆಳೆದ ಕನ್ನಡಿಗರಿಗೆಲ್ಲ ಅವರ ಕೈ ಗೊತ್ತು: ಲಿಜ್ಜತ್ ಪಾಪಡ್ ಜಾಹೀರಾತಿನಲ್ಲಿ ಹಪ್ಪಳ ಕಡಿದು ‘ಕರ್ರಂ ಕುರ್ರಂ’ ಅನ್ನುತ್ತಿದ್ದ ಮೊಲ ಅವರದೇ. ಅವರ ತಂದೆ ವೈ.ಕೆ. ಪಾಧ್ಯೆಯವರ ಕಾಲದ ಅರ್ಧವಟರಾವ್ ಎಂಬ ಗೊಂಬೆ ಮಗನ ಕೈಗೆ ಬಂತು. ಈಗ ಮೊಮ್ಮಗ ಸತ್ಯಜಿತ್ ಕೂಡ ಇದೇ ಕಸುಬಿನಲ್ಲಿದ್ದಾರೆ. ಮಹಾರಾಷ್ಟ್ರದ ಮನೆಗಳಲ್ಲಿ ಈ ಗೊಂಬೆಗಳಿಗೆ ನೆಂಟರ ಸಲಿಗೆ. ನಮ್ಮಲ್ಲಿ ಬೆಂಗಳೂರಿನ ಇಂದುಶ್ರೀ ರವೀಂದ್ರ ಅವರ ಡಿಂಕುವಿಗೆ ಅಂಥದೇ ಅಭಿಮಾನಿಗಳಿದ್ದಾರೆ.

ಇವತ್ತಿನವನು ಇಂಥ ಹೆಸರುವಾಸಿಯಲ್ಲ. ಇಪ್ಪತ್ತೈದು ಇಪ್ಪತ್ತಾರರ ಹುಡುಗ, ಜುಬ್ಬಾ, ಜೀನ್ಸ್. ಮೂರನೇ ಗಂಟೆ ಹೊಡೆದು ಪರದೆ ಸರಿದಾಗ ಒಂದು ಹಳೇ ಸೂಟ್‌ಕೇಸ್ ಹಿಡಿದುಕೊಂಡು ಬಂದ. ಅದನ್ನು ಮೇಜಿನ ಮೇಲಿಟ್ಟು ಸಭೆಗೆ ಕೈ ಮುಗಿದು ಇನ್ನೇನು ಬಾಯಿ ತೆರೆಯಬೇಕು, ಪೆಟ್ಟಿಗೆಯೊಳಗಿಂದ ಕೂಗು. ಆಟ ಪೂರ್ತಿ ಮರಾಠಿಯಲ್ಲೇ. ನಾನು ಬರೆಯುವುದು ನಮ್ಮ ಕಡೆಯ ಧಾಟಿಯಲ್ಲಿ.

“ಏ, ನಿನ್ನ ನಮಸ್ಕಾರ ಆಮ್ಯಾಲ ಹೇಳಂತಿ, ಮೊದಲ ಚಿಲಕಾ ತೆಗಿ!”

ಆ ದನಿ ಪೆಟ್ಟಿಗೆಯ ಒಳಗೇ ಇತ್ತು. ಅದರಲ್ಲಿ ಅನುಮಾನವೇ ಇಲ್ಲ ಅನ್ನುವಷ್ಟು ಒಳಗಿತ್ತು. ಹುಡುಗ ಮುಚ್ಚಳವನ್ನು ಎರಡು ಬೆರಳಿನಷ್ಟು ಎತ್ತಿದ. ದನಿ ತಿಳಿಯಾಯಿತು. ಬಿಟ್ಟ, ಮತ್ತೆ ಗವ್ ಗವ್. ಎತ್ತಿದ, ತಿಳಿ. ಕೊನೆಗೆ ಮಾತಿನ ನಡುವೆಯೇ ಪಟ ಪಟ ಎತ್ತಿ ಇಳಿಸತೊಡಗಿದಾಗ ಒಂದೇ ಬೈಗುಳ ತುಂಡು ತುಂಡಾಗಿ ಬಂತು. ಮುಚ್ಚಳಕ್ಕೂ ದನಿಗೂ ಕೂದಲೆಳೆಯಷ್ಟೂ ಅಂತರ ಬೀಳಲಿಲ್ಲ. ಚಿಂಟೂ ನನ್ನ ಮುಂಗೈ ಹಿಡಿದವನು ಇಂಟರ್‌ವಲ್‌ವರೆಗೆ ಬಿಡಲಿಲ್ಲ.

ಈ ಕಲೆಯವರು ದನಿಯನ್ನು ಬೇಕಾದ ಕಡೆಗೆ ಎಸೆಯುತ್ತಾರೆ ಅನ್ನುವ ಮಾತಿದೆ. ಹಾಗೆ ಎಸೆಯಲು ಯಾರಿಗೂ ಬರುವುದಿಲ್ಲ. ನಾಲಿಗೆಯ ಬುಡವನ್ನು ಹಿಂದಕ್ಕೆಳೆದು, ಗಂಟಲನ್ನು ಬಿಗಿದು, ಉಸಿರನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರೆ ದನಿಯ ಹರಿತ ಹೋಗಿ ಅದು ದೂರದ್ದಾಗಿ, ಮುಚ್ಚಿದ್ದಾಗಿ ಕೇಳಿಸುತ್ತದೆ. ಅಲ್ಲಿಗೆ ಅವನ ಕೆಲಸ ಮುಗಿಯಿತು. ಉಳಿದದ್ದನ್ನು ಮಾಡುವವರು ನಾವು. ಅಲುಗಾಡುವ ಮುಚ್ಚಳ ಕಣ್ಣಿಗೆ ಬಿದ್ದಿದೆ, ಹೊಂದುವ ಸದ್ದು ಕಿವಿಗೆ ಬಿದ್ದಿದೆ, ಮಿದುಳು ಎರಡಕ್ಕೂ ಗಂಟು ಹಾಕುತ್ತದೆ. ಇವತ್ತಂತೂ ಅವನ ದನಿ ಅವನ ಬಾಯಿಂದಲೂ ಬರುತ್ತಿರಲಿಲ್ಲ! ವೇದಿಕೆಯ ಎಡಬಲಕ್ಕೆ ತೂಗುಹಾಕಿದ್ದ ಸ್ಪೀಕರುಗಳಿಂದ ಬರುತ್ತಿತ್ತು. ಆದರೂ ನನಗೆ ಕೇಳಿಸಿದ್ದು ಪೆಟ್ಟಿಗೆಯಿಂದ, ಆಮೇಲೆ ಗೊಂಬೆಯ ಬಾಯಿಂದ. ಸಿನಿಮಾ ಮಂದಿರದಲ್ಲಿ ನಾಯಕನ ಮಾತು ಅವನ ತುಟಿಯಿಂದಲೇ ಬಂದಂತೆ ಅನ್ನಿಸುವುದೂ ಇದೇ ಕಾರಣಕ್ಕೆ.

ಹೊರಬಂದ ಗೊಂಬೆಯ ಹೆಸರು ನಾನಾ. ಧೋತರ, ಕರೀ ಟೋಪಿ, ಮೂಗಿನ ತುದಿಗೆ ಕನ್ನಡಕ. ಪಿಂಚಣಿ ತಗೊಂಡು ಇಡೀ ಓಣಿಯ ಲೆಕ್ಕ ಕೇಳುವ ಪುಣೇರಿ ಮುದುಕ. ಹುಡುಗನ ಮಾಲೀಕ ತಾನು ಅಂತ ಅದರ ನಂಬಿಕೆ. ಆದರೂ “ಎಷ್ಟು ವರ್ಷದಿಂದ ದುಡಿಸಿಕೊಂಡಿ, ಸಂಬಳ ಎಲ್ಲಿ?” ಅಂತ ಪೀಡಿಸಿತು. ಹುಡುಗ ಜೇಬಿಗೆ ಕೈ ಹಾಕಿ ಗುಲಾಬಿ ಬಣ್ಣದ ಎರಡು ಸಾವಿರದ ನೋಟು ತೆಗೆದ. ನಾನಾ ನೋಟು ನೋಡಿತು, ಸಭೆಯನ್ನು ನೋಡಿತು, ತಿರುಗಿ ನೋಟು ನೋಡಿತು.

“ಶುಕ್ರವಾರದ ತನಕಾ ಇದು ನಿನಗ ನೆನಪಾಗಲಿಲ್ಲ, ಹೌದಲ್ಲೋ?”

ಎರಡು ಸಾವಿರದ ನೋಟು ಹಿಂದಕ್ಕೆ ಪಡೆಯುವುದಾಗಿ ರಿಸರ್ವ್ ಬ್ಯಾಂಕ್ ಹೇಳಿದ್ದು ಮೊನ್ನೆ 19ಕ್ಕೆ. ಎರಡೇ ದಿನದಲ್ಲಿ ಅದನ್ನು ಆಟಕ್ಕೆ ಸೇರಿಸಿಕೊಂಡಿದ್ದ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಭಾವ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ನಾನು ಕುಳಿತದ್ದು ಮೂರನೇ ಸಾಲು, ಅವನ ತುಟಿಯ ಮೇಲೆ ಕಣ್ಣು ನೆಟ್ಟೇ ಕುಳಿತಿದ್ದೆ. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವರಿಗೆ ಈ ಕಸುಬಿನ ಕಷ್ಟವನ್ನು ಬೇರೆ ಹೇಳಿಕೊಡಬೇಕಿಲ್ಲ. ಕ ಖ ಗ ಘ ಗಂಟಲಿನವು, ಚ ಛ ತಾಲುವಿನವು, ಟ ಠ ಮೂರ್ಧದವು, ತ ಥ ಹಲ್ಲಿನವು, ಪ ಫ ಬ ಭ ಮ ತುಟಿಯವು. ನಮ್ಮ ವರ್ಣಮಾಲೆ ಗೊಂಬೆಯವನಿಗೆ ಬೇಕಾದ ನಕಾಶೆಯನ್ನೇ ಬರೆದಿಟ್ಟಿದೆ: ಮೊದಲ ನಾಲ್ಕು ಸಾಲು ನಿಶ್ಚಿಂತೆ, ಐದನೆಯದು ಗಂಡಾಂತರ. ಬ ಬಂದ ಕಡೆ ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ದ-ಕಾರಕ್ಕೆ ಹತ್ತಿರದ ಸದ್ದು ಹೊರಡಿಸುತ್ತಾರೆ, ಪ-ಕಾರಕ್ಕೆ ತ, ಮ-ಕಾರಕ್ಕೆ ನ. ಬಿಡಿಯಾಗಿ ಹೇಳಿದರೆ ಕಳ್ಳತನ ಬಯಲು. ಓಡುವ ವಾಕ್ಯದ ನಡುವೆ ತುರುಕಿದರೆ ಕೇಳುವವನ ಕಿವಿಯೇ ತಿದ್ದಿಕೊಳ್ಳುತ್ತದೆ. ನಾನಾ ಒಮ್ಮೆ ‘ನುಂದೈ’ ಅಂದಿತು. ಸಭೆಯಲ್ಲಿ ಎಲ್ಲರೂ ಮುಂಬೈ ಅಂತಲೇ ಕೇಳಿಸಿಕೊಂಡರು, ಕಾದು ಕುಳಿತಿದ್ದವರನ್ನು ಬಿಟ್ಟು. ಹೆಸರುಗಳನ್ನೇ ನೋಡಿ: ನಾನಾ, ಡಿಂಕು, ಅರ್ಧವಟರಾವ್. ಒಂದರಲ್ಲೂ ತುಟಿ ಮುಚ್ಚಬೇಕಾಗಿಲ್ಲ. ಮರಾಠಿಯವನಿಗೆ ಇನ್ನೂ ಒಂದು ಅನುಕೂಲ, ‘ಆಯೀ’ ಅಂತ ಕೂಗಲು ತುಟಿಯೇ ಬೇಡ. ‘ಅಮ್ಮಾ’, ‘ಅಪ್ಪಾ’ ಅನ್ನಬೇಕಾದ ಕನ್ನಡದ ಗೊಂಬೆಯ ಪಾಡು ಕೇಳಬೇಡಿ.

(ನಮ್ಮ ಹಳಬರು ಇದನ್ನು ಪಂದ್ಯದಂತೆ ಆಡಿದವರು. ದಂಡಿಯ ‘ದಶಕುಮಾರಚರಿತ’ದಲ್ಲಿ ಮಂತ್ರಗುಪ್ತ ತನ್ನ ಕಥೆ ಪೂರ್ತಿ ತುಟಿಯ ಅಕ್ಷರ ಒಂದೂ ಬಾರದಂತೆ ಹೇಳುತ್ತಾನೆ. ಕಾರಣ, ಅವನ ಪ್ರಿಯೆ ತುಟಿ ಕಚ್ಚಿ ಗಾಯ ಮಾಡಿದ್ದಾಳೆ. ಗೊಂಬೆ ಕೊಟ್ಟಿದ್ದರೆ ಮಂತ್ರಗುಪ್ತನಿಗೆ ಕೋಥ್ರೂಡ್‌ನಲ್ಲಿ ಹೌಸ್‌ಫುಲ್ ಆಗುತ್ತಿತ್ತು.)

ಆದರೆ ಅರ್ಧ ಗಂಟೆಯೊಳಗೆ ನನಗೆ ತುಟಿ ನೋಡುವುದು ಬೇಸರ ಬಂತು. ಅವನ ತುಟಿ ಆಗಾಗ ಅಲುಗುತ್ತಿತ್ತು, ನಿಜ ಹೇಳಬೇಕೆಂದರೆ ಸಾಕಷ್ಟು ಅಲುಗುತ್ತಿತ್ತು. ಅದರಿಂದ ಏನೂ ಕೆಡಲಿಲ್ಲ. ಅಮೆರಿಕದಲ್ಲಿ ಎಡ್ಗರ್ ಬರ್ಗನ್ ಎಂಬಾತ 1937ರಿಂದ ಎಷ್ಟೋ ವರ್ಷ ಚಾರ್ಲಿ ಮೆಕಾರ್ಥಿ ಎಂಬ ಗೊಂಬೆಯನ್ನು ರೇಡಿಯೋದಲ್ಲಿ ಆಡಿಸಿದ. ರೇಡಿಯೋದಲ್ಲಿ! ತುಟಿ ಯಾರಿಗೂ ಕಾಣದ ಕಡೆ ಮನೆಮನೆಗೂ ಹೆಸರಾದ. ತುಟಿ ಅಲುಗಿಸುತ್ತೀ ಅಂತ ಚಾರ್ಲಿಯೇ ಅವನನ್ನು ಹಂಗಿಸುತ್ತಿತ್ತು. ಹಾಗಾದರೆ ಜನ ಕೇಳಿದ್ದು ಏನನ್ನು?

ಅದು ಇವತ್ತು ಕಣ್ಣಿಗೆ ಬಿತ್ತು. ನಾನಾ ಬೈಯುವಾಗ ಹುಡುಗ ಬೈಸಿಕೊಳ್ಳುತ್ತಿದ್ದ. ಮಾತು ಅವನದೇ, ಮುಂದಿನ ಪದ ಅವನಿಗೆ ಗೊತ್ತು, ಅದನ್ನು ಹೊರಡಿಸಲು ಗಂಟಲು ದುಡಿಯುತ್ತಿದೆ. ಮುಖ ಮಾತ್ರ ಆ ಪದವನ್ನು ಮೊದಲ ಸಲ ಕೇಳುತ್ತಿತ್ತು. ಹುಬ್ಬು ಅರೆಕ್ಷಣ ತಡವಾಗಿ ಗಂಟಾಗುತ್ತಿತ್ತು. ಒಮ್ಮೆ ನಾನಾ, “ನಿನ್ನ ಅಪ್ಪ ಹೇಳಿದ್ದು ಖರೇ ಇತ್ತು, ನೀ ಎಂಜಿನಿಯರ್ ಆಗಬೇಕಿತ್ತು” ಅಂದಾಗ ಅವನು ಸಭೆಯ ಕಡೆ ನೋಡದೆ ನೆಲ ನೋಡಿದ. ಮೊದಲು ನಗು ಎದ್ದಿತು, ಆಮೇಲೆ ತಾನಾಗಿ ಇಳಿಯಿತು. ಗೊಂಬೆಯ ಕತ್ತು ನಿಧಾನಕ್ಕೆ ಅವನತ್ತ ಹೊರಳಿತು, ತಾನು ಅತಿ ಮಾಡಿದೆನೇನೋ ಅನ್ನುವ ಹಾಗೆ. ಆ ಕತ್ತು ಹೊರಳಿಸಿದ್ದು ಅವನದೇ ಬಲಗೈ. ಎದುರಿನವನ ಮಾತು ಮುಗಿದರೆ ಸಾಕು ಅಂತ ಸರದಿ ಕಾಯುವ ನಟರನ್ನು ನಾಟಕಗಳಲ್ಲಿ ಎಷ್ಟು ನೋಡಿಲ್ಲ! ಎದುರಿಗೆ ಯಾರೂ ಇಲ್ಲದಿದ್ದರೂ ಇವನು ಕೇಳಿಸಿಕೊಳ್ಳುತ್ತಿದ್ದ. ನನ್ನ ಮಟ್ಟಿಗೆ ವಿದ್ಯೆ ಇರುವುದು ಅಲ್ಲಿ, ಮುಚ್ಚಿದ ತುಟಿಯಲ್ಲಿ ಅಲ್ಲ.

ಅವನ ಕೈಯಲ್ಲೊಂದು ಮೈಕ್ ಇತ್ತು. ತಾನು ಮಾತಾಡುವಾಗ ತನ್ನ ಬಾಯಿಗೆ, ನಾನಾ ಮಾತಾಡುವಾಗ ನಾನಾನ ಬಾಯಿಗೆ ಹಿಡಿಯುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದರೆ ನಿಜವಾದ ಮೈಕು ಅವನ ಕೆನ್ನೆಗೆ ಅಂಟಿದ್ದ ಸಣ್ಣ ಕಡ್ಡಿ. ಕೈಯಲ್ಲಿದ್ದದ್ದು ನಮ್ಮ ಕಣ್ಣಿಗೆ ದಾರಿ ತೋರಿಸಲು ಮಾತ್ರ. ಎಂಥಾ ಸರಳ ಮೋಸ!

ಸೂತ್ರದ ಗೊಂಬೆ, ತೊಗಲು ಗೊಂಬೆ ನಮ್ಮಲ್ಲೂ ಇವೆ. ಅಲ್ಲಿ ಆಡಿಸುವವನು ಪರದೆಯ ಹಿಂದೆ. ಗೊಂಬೆಯೇ ಆಡಿಸುವವನಿಗೆ ತಿರುಗಿ ಮಾತಾಡುವ ಈ ಜಗಳಕ್ಕೆ ಹತ್ತಿರದ್ದು ನಮ್ಮ ಕಡೆಯ ದೊಡ್ಡಾಟದಲ್ಲಿದೆ. ರಾಜ ಅಬ್ಬರಿಸಿ ಬಂದರೆ ಸಾರಥಿ, “ನೀವು ಯಾರು, ಯಾವೂರು” ಅಂತ ಕೇಳಿ ಅರ್ಧ ಗಾಳಿ ತೆಗೆಯುತ್ತಾನಲ್ಲ, ಅದು.

ನಾನಾನ ಸಾರಥಿತನ ನನಗೂ ತಟ್ಟಿತು. ಸಾಲು ಸಾಲಾಗಿ ಯಾವೂರು ಅಂತ ಕೇಳುತ್ತ ಬಂದಾಗ ಚಿಂಟೂ ಎದ್ದು ನಿಂತು, “ಇವರು ಧಾರವಾಡದಜ್ಜ!” ಅಂತ ಘೋಷಿಸಿಬಿಟ್ಟ. ನಿನ್ನೆಯಷ್ಟೇ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಪ್ರಮಾಣವಚನ ಆಗಿದೆ, ಪುಣೆಯ ಪೇಪರುಗಳಲ್ಲೂ ಅದೇ ಸುದ್ದಿ. ನಾನಾ ಕನ್ನಡಕದ ಮೇಲಿಂದ ನನ್ನನ್ನು ನೋಡಿತು.

“ಕರ್ನಾಟಕದಾಗ ಕೈ ಸರ್ಕಾರ ಬಂತಂತಲ್ರೀ?”

ಹೌದು ಅಂತ ತಲೆ ಅಲ್ಲಾಡಿಸಿದೆ.

“ಹೆಂಗ ಅನ್ನಸ್ತದ?”

ಏನು ಹೇಳಬೇಕು ತಿಳಿಯದೆ, “ಈಗಷ್ಟ ಬಂದದ, ನೋಡೂಣು” ಅಂದೆ.

“ಅನುಭವ ಇದ್ದವನ ಮಾತು ಕೇಳ್ರಿ,” ಅಂದಿತು ನಾನಾ, ಕತ್ತು ಹೊರಳಿಸಿ ತನ್ನ ಬೆನ್ನ ಕಡೆ ನೋಡಿಕೊಂಡು. “ಹುಟ್ಟಿದಾಗಿನಿಂದ ನನ್ನೊಳಗ ಕೈ ಸರ್ಕಾರನ ಅದ.”

ಸಭೆ ನಗೆಯಲ್ಲಿ ಮುಳುಗಿದಾಗ ನಾನಾ ಮತ್ತೆ, “ವಿರೋಧ ಪಕ್ಷನೂ ಅದೇ ಕೈ,” ಅಂದು ಸುಮ್ಮನಾಯಿತು. ಎರಡೂ ಕಡೆಯವರು ನಗಬಹುದಾದ ರಾಜಕೀಯದ ಹಾಸ್ಯ ಕೇಳಿ ಬಹಳ ದಿನವಾಗಿತ್ತು.

ಇಂಟರ್‌ವಲ್‌ನಲ್ಲಿ ಬಟಾಟೆ ವಡೆ. ಬಿಸಿ ಇತ್ತು, ಮುಗಿಯಿತು.

ಎರಡನೇ ಭಾಗ ಸಪ್ಪೆ. ಕೋತಿಯ ಮೆತ್ತನೆಯ ಗೊಂಬೆಯೊಂದು ಟ್ರ್ಯಾಕ್ ಹಾಕಿಕೊಂಡು ಸಿನಿಮಾ ಹಾಡು ಹಾಡಿತು, ಒಂದರ ಮೇಲೊಂದು. ಹೆಂಡತಿ, ಅತ್ತೆ, ವಾಟ್ಸಾಪ್ ಕುರಿತ ಜೋಕುಗಳು ವಾಟ್ಸಾಪ್‌ನಿಂದಲೇ ಬಂದವು. ಹಾಡುವ ಗೊಂಬೆಗೆ ಎದುರು ಮಾತಾಡಲು ಯಾರೂ ಇರುವುದಿಲ್ಲ, ತೊಂದರೆ ಅದೇ. ಅದನ್ನೆಲ್ಲ ಉಳಿಸಿದ್ದು ಭಾವ. ಪ್ರೇಕ್ಷಕರಲ್ಲೊಬ್ಬರು ಬೇಕು ಅಂತ ಹುಡುಗ ಕೆಳಗಿಳಿದು ಬಂದು ನೇರ ಅವರ ಕೈ ಹಿಡಿದ. ವೇದಿಕೆಯ ಮೇಲೆ ಕೂರಿಸಿ ಮೂಗಿನಿಂದ ಗದ್ದದವರೆಗೆ ಒಂದು ಮುಖವಾಡ ಕಟ್ಟಿದ. ಅದರ ದವಡೆ ದಾರ ಎಳೆದರೆ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ದಾರ ಹುಡುಗನ ಕೈಯಲ್ಲಿ, ದನಿ ಹುಡುಗನ ಗಂಟಲಿನಲ್ಲಿ, ಅದೂ ಹೆಣ್ಣುದನಿ. ಆ ದನಿಯಲ್ಲಿ ಭಾವ ಹುಡುಗನ ಜೊತೆ ಜಗಳ ಕಾದರು, ನಾಚಿದರು, ಲಾವಣಿ ಕುಣಿಯುತ್ತೇನೆ ಅಂದರು. ಕಣ್ಣು ಮಾತ್ರ ಭಾವನವು, ಗಾಬರಿ ಬಿದ್ದು ಅಕ್ಕನನ್ನೇ ಹುಡುಕುತ್ತಿದ್ದವು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ಮದುವಿ ಆದಾಗಿಂದ ಇವರು ಇಷ್ಟು ಮಾತಾಡಿರಲಿಲ್ಲ ನೋಡು,” ಅಂದಳು. ಮನೆಗೆ ಬಂದ ಮೇಲೆ ಭಾವ ಆ ವಿಷಯ ಎತ್ತಿಲ್ಲ, ಎತ್ತುವ ಧೈರ್ಯ ನಮಗೂ ಇಲ್ಲ.

ಆಟ ಮುಗಿದ ಮೇಲೆ ಹೊರಗೆ ಫೋಟೋಕ್ಕೆ ಮಕ್ಕಳ ಸಾಲು. ನಾನಾನನ್ನು ಹತ್ತಿರದಿಂದ ನೋಡಿದೆ. ಫೈಬರ್ ಮುಖ, ಬಾಯಿಯ ಎರಡು ತುದಿಗಳಿಂದ ಗದ್ದಕ್ಕೆ ಇಳಿದ ಎರಡು ಸೀಳು. ಆ ಸೀಳಿನ ಅಂಚಿನಲ್ಲಿ ಬಣ್ಣ ಸವೆದು ಕೆಳಗಿನ ಬಿಳಿ ಕಾಣುತ್ತಿತ್ತು. ಅಂಗಿಯ ಬೆನ್ನು ಹರಿದಿಟ್ಟಂತೆ ತೆರೆದಿದೆ. ಒಳಗೆ ತಲೆಯನ್ನು ಹೊತ್ತ ಕೋಲು, ಕೋಲಿಗೆ ದವಡೆಯದೊಂದು ಉಂಗುರ, ಕಣ್ಣಿಗೆ, ಹುಬ್ಬಿಗೆ ಸಣ್ಣ ಸನ್ನೆಕೋಲುಗಳು. ಎಡಗಣ್ಣು ಬಲಗಣ್ಣಿಗಿಂತ ಚೂರು ಹಿಂದೆ ಹೊರಳುತ್ತದೆ. ವೇದಿಕೆಯ ಮೇಲೆ ಅದೇ ಮುದುಕನ ತುಂಟತನದಂತೆ ಕಂಡಿತ್ತು. ಹುಡುಗನ ಜುಬ್ಬಾ ಬೆವರಿಗೆ ಬೆನ್ನಿಗಂಟಿತ್ತು. ಚಿಂಟೂ ಅವನ ಮುಖ ಕೂಡ ನೋಡದೆ ನಾನಾನನ್ನೇ ಕೇಳಿದ:

“ಪೆಟ್ಟಿಗ್ಯಾಗ ನಿನಗ ಸೆಕಿ ಆಗೂದಿಲ್ಲೇನು?”

“ಆಗ್ತದ. ಅದಕ್ಕ ಹೊರಗ ಬಂದಾಗ ಬಾಯಿ ಇಷ್ಟು ತೆಗೀತೇನಿ.”

ಆಟೋದಲ್ಲಿ ನಾನು ಚಿಂಟೂನನ್ನು ಕೆಣಕಿದೆ, ಮಾತಾಡಿದ್ದು ಆ ಮನುಷ್ಯ, ಗೊತ್ತೇನು ಅಂತ. “ಗೊತ್ತದ,” ಅಂದ, ಇಷ್ಟೂ ತಿಳಿಯದವನಲ್ಲ ತಾನು ಅನ್ನುವ ದನಿಯಲ್ಲಿ. “ಆದರ ಸೆಕಿ ಆಗೂದು ನಾನಾಗಲ್ಲಾ?”

ಈಗ ರಾತ್ರಿ ಹತ್ತು. ಚಿಂಟೂ ಬಲಗೈಗೆ ಭಾವನ ಕಾಲುಚೀಲ ಏರಿಸಿಕೊಂಡು ಹಲ್ಲು ಕಚ್ಚಿ ‘ದಾದಾ’, ‘ನಾನಾ’ ಅಂತ ರೂಢಿ ಮಾಡುತ್ತಿದ್ದಾನೆ. ಕಾಲುಚೀಲಕ್ಕೆ ಹಾಲು ಬೇಡವಂತೆ, ಅದಕ್ಕೆ ಬೇಕಾದದ್ದು ಐಸ್‌ಕ್ರೀಮು. ಅಡುಗೆಮನೆಯಿಂದ ಲೋಟ ಹಿಡಿದು ಬಂದ ಅಕ್ಕ, ಮೊಮ್ಮಗನ ಕಡೆ ನೋಡದೆ, ಕಾಲುಚೀಲದ ಮೇಲೆಯೇ ಗದರಿದಳು: “ನೀ ಸುಮ್ನ ಕೂಡು. ನಿನಗ್ಯಾರು ಕೇಳ್ಯಾರ?”