ಟೈಟಲ್ ಸೀಕ್ವೆನ್ಸ್: ಹೆಸರು ಬೀಳುವ ಫ್ರೇಮ್‌ನಿಂದ ಹಿಂದಕ್ಕೆ

ಟಿವಿ ಸರಣಿಯ ಟೈಟಲ್ ಸೀಕ್ವೆನ್ಸ್, ಅಂದರೆ ಕಂತಿನಲ್ಲಿ ಸಂಗೀತದೊಡನೆ ಹೆಸರುಗಳು ಬರುವ ತುಣುಕು, ಎಡಿಟ್ ಮಾಡಲು ಕೂತವರು ಸಾಮಾನ್ಯವಾಗಿ ಮೊದಲ ಶಾಟ್ ಹುಡುಕುತ್ತಾರೆ. ಹುಡುಕಬೇಕಾದ್ದು ಕೊನೆಯದನ್ನು. ಸರಣಿಯ ಹೆಸರು ಪರದೆಯ ಮೇಲೆ ಬಂದು ನಿಲ್ಲುವ ಫ್ರೇಮ್ ಯಾವುದು, ಅದು ಸಂಗೀತದ ಯಾವ ಪೆಟ್ಟಿಗೆ ಕೂರಬೇಕು ಎಂಬುದು ಇತ್ಯರ್ಥವಾಗುವ ತನಕ ಉಳಿದ ಕಟ್‌ಗಳೆಲ್ಲ ಅಂದಾಜೇ. ಮೃದಂಗ ನುಡಿಸುವವರು ಮುಕ್ತಾಯವನ್ನು ಸಮದಿಂದ ಹಿಂದಕ್ಕೆ ಎಣಿಸಿ ಎಲ್ಲಿ ಎತ್ತಿಕೊಳ್ಳಬೇಕೆಂದು ನಿಶ್ಚಯಿಸುತ್ತಾರಲ್ಲ, ಇಲ್ಲಿಯ ಲೆಕ್ಕವೂ ಹಾಗೆಯೇ.

ಒಂದು ಉದಾಹರಣೆ ನೋಡೋಣ. ಸೆಕೆಂಡಿಗೆ 25 ಫ್ರೇಮ್, ಒಟ್ಟು 30 ಸೆಕೆಂಡ್, ಅಂದರೆ 750 ಫ್ರೇಮ್. ಸಂಗೀತದ ವೇಗ ನಿಮಿಷಕ್ಕೆ 100 ಬೀಟ್. ಒಂದು ಬೀಟ್‌ಗೆ 15 ಫ್ರೇಮ್, ನಾಲ್ಕು ಬೀಟ್‌ನ ಒಂದು ಬಾರ್‌ಗೆ 60 ಫ್ರೇಮ್. ಹನ್ನೊಂದು ಬಾರ್ ಮುಗಿದಾಗ 660 ಫ್ರೇಮ್, 26.4 ಸೆಕೆಂಡ್ ಕಳೆದಿರುತ್ತದೆ. ಹನ್ನೆರಡನೇ ಬಾರ್‌ನ ಮೊದಲ ಬೀಟ್‌ಗೆ ಹೆಸರು ಬಿದ್ದರೆ ಇನ್ನೂ 90 ಫ್ರೇಮ್ ಉಳಿಯುತ್ತದೆ. ಹೆಸರು ನಿಂತು ಓದಿಸಿಕೊಳ್ಳಲು, ವಾದ್ಯಗಳ ಗುಂಯ್ ಆರಲು ಈ 3.6 ಸೆಕೆಂಡ್ ಬೇಕೇ ಬೇಕು. ಒಂದು ಬಾರ್ ಹೆಚ್ಚು ಸಂಗೀತ ತುರುಕುವ ಆಸೆಗೆ ಬಿದ್ದರೆ ಉಳಿಯುವುದು 1.2 ಸೆಕೆಂಡ್. ಆಗ ಕೊನೆಯ ಸ್ವರವನ್ನು ಕತ್ತರಿಯಿಂದ ಕಡಿದಂತೆ ಕೇಳುತ್ತದೆ.

ವೇಗ ಆರಿಸುವಾಗ ಸೂತ್ರ ಸರಳ. ಸೆಕೆಂಡಿನ ಫ್ರೇಮ್ ಸಂಖ್ಯೆಯನ್ನು 60ರಿಂದ ಗುಣಿಸಿ, ಬೀಟ್ ಸಂಖ್ಯೆಯಿಂದ ಭಾಗಿಸಿ. 25 ಫ್ರೇಮ್‌ನಲ್ಲಿ 75, 100, 125, 150 ಬೀಟ್‌ಗಳಿಗೆ ಕ್ರಮವಾಗಿ 20, 15, 12, 10 ಫ್ರೇಮ್ ಸರಿಯಾಗಿ ಬರುತ್ತವೆ. 24 ಫ್ರೇಮ್‌ನಲ್ಲಾದರೆ 80, 90, 96, 120 ಒಳ್ಳೆಯವು. 25 ಫ್ರೇಮ್‌ಗೆ 120 ಬೀಟ್ ಇಟ್ಟರೆ ಬೀಟ್‌ಗೆ ಹನ್ನೆರಡೂವರೆ ಫ್ರೇಮ್. ಅರ್ಧ ಫ್ರೇಮ್ ಅಂದರೆ 20 ಮಿಲಿಸೆಕೆಂಡ್, ಒಂದು ಕಟ್‌ನಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ತೊಂದರೆ ಬರುವುದು 12 ಫ್ರೇಮ್‌ನ ಒಂದು ಚಲನೆ ಮಾಡಿ ಅದನ್ನೇ ಸಾಲಾಗಿ ಕಾಪಿ ಮಾಡಿದಾಗ. ಎಂಟು ಬೀಟ್ ಮುಗಿಯುವಷ್ಟರಲ್ಲಿ ಚಿತ್ರ ನಾಲ್ಕು ಫ್ರೇಮ್ ಮುಂದೆ ಓಡಿರುತ್ತದೆ, ಅಷ್ಟು ದೊಡ್ಡ ತಪ್ಪನ್ನು ಯಾರೂ ಗುರುತಿಸುತ್ತಾರೆ. ಸಂಗೀತ ನಿರ್ದೇಶಕರು 94ರಲ್ಲಿ ರಾಗ ಹಾಕಿದ್ದರೆ 93.75ಕ್ಕೆ ಇಳಿಸಲು ಕೇಳಿ. ಕಿವಿಗೆ ವ್ಯತ್ಯಾಸ ತಿಳಿಯದು, ಬೀಟ್‌ಗೆ ಮಾತ್ರ ಸರಿಯಾಗಿ 16 ಫ್ರೇಮ್ ಸಿಗುತ್ತದೆ. ಆದರೆ ಈ ಮಾತು ವಾದ್ಯಗಳ ರೆಕಾರ್ಡಿಂಗ್‌ಗೆ ಮುಂಚೆಯೇ ಆಗಬೇಕು.

ಕ್ಲಿಕ್ (ವೇಗ ತಪ್ಪದಂತೆ ಕಿವಿಯಲ್ಲಿ ಎಣಿಸುವ ಟಿಕ್ ಸದ್ದು) ಇಲ್ಲದೆ ನುಡಿಸಿದ ಸಂಗೀತವಾದರೆ ಈ ಗಣಿತ ನಡೆಯುವುದಿಲ್ಲ. ಪ್ರತಿ ಬಾರ್‌ನ ಮೊದಲ ಬೀಟ್‌ಗೂ ಕೈಯಾರೆ ಮಾರ್ಕರ್ ಹಾಕಬೇಕು. ಹಾಡು ಓಡಿಸುತ್ತಾ ಕೀಬೋರ್ಡ್ ಒತ್ತಿ ಹಾಕಿದ ಮಾರ್ಕರ್‌ಗಳನ್ನು ಮಾತ್ರ ನಂಬಬೇಡಿ. ಬೆರಳು ಒಮ್ಮೆ ಮುಂದೆ ಹೋಗುತ್ತದೆ, ಒಮ್ಮೆ ಹಿಂದೆ ಬೀಳುತ್ತದೆ. ವೇವ್‌ಫಾರ್ಮ್ ದೊಡ್ಡದು ಮಾಡಿ ಒಂದೊಂದನ್ನೂ ಸರಿಪಡಿಸಿ.

ಇನ್ನು ಹೆಚ್ಚಿನವರು ಎಡವುವ ಜಾಗ. ಕೀಫ್ರೇಮ್, ಅಂದರೆ ಚಲನೆ ಶುರುವಾಗುವ ಅಥವಾ ಮುಗಿಯುವ ಗುರುತು, ಬೀಟ್ ಮೇಲೇ ಇದೆ, ಆದರೂ ನೋಡಿದಾಗ ಪೆಟ್ಟು ಕೂತಿಲ್ಲ ಅನಿಸುತ್ತದೆ. ಕಾರಣ ಈಸಿಂಗ್, ಅಂದರೆ ಚಲನೆಯ ವೇಗ ಮೆಲ್ಲಗೆ ಏರುವಂತೆ ಅಥವಾ ಇಳಿಯುವಂತೆ ಮಾಡುವುದು. ಅಕ್ಷರಗಳು 20 ಫ್ರೇಮ್‌ನಲ್ಲಿ ದೂರದಿಂದ ಬಂದು ನಿಲ್ಲುತ್ತವೆ ಅಂದುಕೊಳ್ಳಿ, ಕೊನೆಯಲ್ಲಿ ವೇಗ ಮೆಲ್ಲಗೆ ಇಳಿಯುವಂತೆ ಕ್ಯೂಬಿಕ್ ಈಸ್-ಔಟ್ ಹಾಕಿದೆ. ಹತ್ತನೇ ಫ್ರೇಮ್‌ಗೇ ಶೇ. 87.5ರಷ್ಟು ದಾರಿ ಮುಗಿದಿರುತ್ತದೆ. ಕಣ್ಣಿನ ಮಟ್ಟಿಗೆ ಅಕ್ಷರ ಅಲ್ಲಿಗೇ ಬಂದಾಯಿತು, ಡ್ರಮ್ ಬೀಳುವುದು ಮಾತ್ರ ಇನ್ನೂ ಹತ್ತು ಫ್ರೇಮ್ ಆದಮೇಲೆ. ಚಿತ್ರದ ಪೆಟ್ಟು ಇರುವುದು ಕೀಫ್ರೇಮ್‌ನಲ್ಲಲ್ಲ, ಬದಲಾವಣೆ ಅತಿ ತೀವ್ರವಾಗಿರುವ ಫ್ರೇಮ್‌ನಲ್ಲಿ. ಆದ್ದರಿಂದ ದಾರಿ ಎರಡು. ಒಂದೋ ಅಕ್ಷರ ವೇಗ ಹೆಚ್ಚಿಸಿಕೊಳ್ಳುತ್ತಾ ಬಂದು ಬೀಟ್‌ನಲ್ಲಿ ತಟ್ಟನೆ ನಿಲ್ಲಲಿ, ನಂತರ ನಾಲ್ಕಾರು ಫ್ರೇಮ್‌ಗಳಲ್ಲಿ ಸ್ವಲ್ಪ ಮುಂದೆ ಜಾರಿ ಹಿಂದಕ್ಕೆ ಬಂದು ನೆಲೆಯಾಗಲಿ. ಇಲ್ಲವೇ ಈಸ್-ಔಟ್ ಹಾಗೇ ಇರಲಿ, ಆದರೆ ಬೀಟ್‌ನಲ್ಲಿ ಚಲನೆ ಮುಗಿಯುವ ಬದಲು ಶುರುವಾಗಲಿ. ಮೊದಲನೆಯದು ಭಾರವಾಗಿ ಕಾಣುತ್ತದೆ, ಎರಡನೆಯದು ಸಿಡಿದಂತೆ. ಕಥೆಯ ಸ್ವಭಾವ ನೋಡಿ ಆರಿಸಿಕೊಳ್ಳಿ. ಬೀಟ್ ಮೇಲೆ ಕೂರಬೇಕಾದ್ದು ಹೊಳಪಿನ ಮಿಂಚಿಗೆ ಅತಿ ಬೆಳಕಿನ ಫ್ರೇಮ್, ಕಟ್‌ಗೆ ಹೊಸ ಶಾಟ್‌ನ ಮೊದಲ ಫ್ರೇಮ್. ಒಂದು ಶಾಟ್ ಇನ್ನೊಂದರಲ್ಲಿ ಕರಗುವ ಡಿಸಾಲ್ವ್‌ಗೆ ಹೀಗೊಂದು ಖಚಿತ ಫ್ರೇಮ್ ಇಲ್ಲ, ಅದನ್ನು ಪೆಟ್ಟಿಗೆ ಕಟ್ಟಿಹಾಕುವ ಯತ್ನವೇ ಬೇಡ.

ಸಂಗೀತದ ಕಡೆಯೂ ಇದೇ ಸಮಸ್ಯೆ ಇದೆ. ಡ್ರಮ್‌ನ ಪೆಟ್ಟು ಶುರುವಿನಲ್ಲೇ ಕೇಳುತ್ತದೆ. ಪಿಟೀಲುಗಳ ಗುಂಪು, ಕೊಳಲು ಮೆಲ್ಲಗೆ ಏರುತ್ತವೆ. ಸ್ವರ ಬೀಟ್ ಮೇಲೇ ಶುರುವಾದರೂ ಕಿವಿಗೆ ಅದು ಬಂತು ಅನಿಸುವುದು ತುಸು ತಡವಾಗಿ. ಮಾರ್ಕರನ್ನು ವೇವ್‌ಫಾರ್ಮ್ ಆರಂಭವಾಗುವಲ್ಲಿ ಹಾಕದೆ ಕಿವಿಗೆ ಬಂದಲ್ಲಿ ಹಾಕಿ. ಎಲ್ಲಿ ಅನುಮಾನವೋ ಅಲ್ಲಿ ಚಿತ್ರ ಒಂದು ಫ್ರೇಮ್ ಮುಂದಿರಲಿ, ಸದ್ದು ಹಿಂದಿನಿಂದ ಬರಲಿ. ದೂರದ ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಕ್ರಮಿಸಿ ಬರುವುದರಿಂದ ಮೊದಲು ನೋಡಿ ಆಮೇಲೆ ಕೇಳುವುದು ನಮಗೆ ರೂಢಿ. ಸದ್ದು ಮೊದಲು ಬಂದರೆ ಬೇಗ ತಪ್ಪೆನಿಸುತ್ತದೆ. ಯುರೋಪಿನ ಪ್ರಸಾರ ಒಕ್ಕೂಟದ ಆರ್37 ಶಿಫಾರಸು ಕೂಡ ಸದ್ದು 40 ಮಿಲಿಸೆಕೆಂಡ್ ಮುಂದೆ, 60 ಮಿಲಿಸೆಕೆಂಡ್ ಹಿಂದೆ ಎಂದು ಅಸಮ ಮಿತಿಯನ್ನೇ ಕೊಡುತ್ತದೆ.

ಎಷ್ಟು ಪೆಟ್ಟು ಹೊಂದಿಸಬೇಕು? ನಮ್ಮ 30 ಸೆಕೆಂಡ್‌ನಲ್ಲಿ 50 ಬೀಟ್ ಇವೆ. ಅವುಗಳಲ್ಲಿ ನಾಲ್ಕೈದು ಸಾಕು: ಮೊದಲ ಚಿತ್ರ, ರಾಗ ತಿರುಗುವ ಒಂದೆರಡು ಕಡೆ, ಕೊನೆಯ ಹೆಸರು. ಪ್ರತಿ ಬೀಟ್‌ಗೂ ಕಟ್ ಹಾಕಿದರೆ ಕೆಲವೇ ಕಟ್‌ಗಳಲ್ಲಿ ಕಣ್ಣು ಮುಂದಿನದನ್ನು ಊಹಿಸಿಬಿಡುತ್ತದೆ. ಆಮೇಲೆ ಹೆಸರು ಬಿದ್ದಾಗಲೂ ಅದು ಇನ್ನೊಂದು ಕಟ್ ಅಷ್ಟೇ. ಮಧ್ಯದ ಶಾಟ್‌ಗಳನ್ನು ಬೀಟ್‌ಗಿಂತ ಸಂಗೀತದ ಸಾಲಿಗೆ ಹೊಂದಿಸುವುದು ಮೇಲು. ಸಾಲು ಶುರುವಾದಾಗ ಕ್ಯಾಮೆರಾ ಚಲಿಸಲಿ, ಸಾಲು ಮುಗಿಯುವಾಗ ನಿಲ್ಲಲಿ, ಒಳಗಿನ ಕಟ್ ಎಲ್ಲಾದರೂ ಬೀಳಲಿ. 1966ರಲ್ಲಿ ಶುರುವಾದ 'ಮಿಷನ್ ಇಂಪಾಸಿಬಲ್' ಸರಣಿಗೆ ಲಾಲೋ ಶಿಫ್ರಿನ್ ಹಾಕಿದ ಸಂಗೀತ ಐದೆಣಿಕೆಯದು. ಚಿತ್ರದಲ್ಲಿ ಬತ್ತಿಯೊಂದು ಬಿಡದೆ ಉರಿಯುತ್ತಾ ಸಾಗುತ್ತದೆ, ನಡುವೆ ಕಂತಿನ ತುಣುಕುಗಳು ಮಿಂಚಿ ಮಾಯವಾಗುತ್ತವೆ. ತುಣುಕುಗಳು ಕಂತಿನಿಂದ ಕಂತಿಗೆ ಬೇರೆ, ಬತ್ತಿ ಮಾತ್ರ ಅದೇ. ಇಡೀ ಸೀಕ್ವೆನ್ಸ್‌ನ ಲಯವನ್ನು ಆ ಒಂದೇ ಚಲನೆ ಹಿಡಿದಿಟ್ಟಿದೆ. ಇದಕ್ಕೆ ಪೂರ್ತಿ ಬೇರೆ ದಾರಿ 'ಮಾಲ್ಗುಡಿ ಡೇಸ್'ನದು: ಆರ್. ಕೆ. ಲಕ್ಷ್ಮಣ್ ಅವರ ರೇಖೆಗಳು, ಎಲ್. ವೈದ್ಯನಾಥನ್ ಅವರ ಗುನುಗುವ ರಾಗ. ಅಂಥ ಸಂಗೀತಕ್ಕೆ ಪೆಟ್ಟು ಹುಡುಕುತ್ತಾ ಹೋದರೆ ಅದರ ಹದವೇ ಕೆಡುತ್ತದೆ.

ಬೆಳಕು ಮಿನುಗಿಸುವವರಿಗೆ ಒಂದು ಗಟ್ಟಿ ಎಚ್ಚರಿಕೆ. ಪರದೆಯ ಕಾಲುಭಾಗಕ್ಕಿಂತ ಹೆಚ್ಚು ಜಾಗ ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿನುಗಬಾರದು. ಬೆಳಕಿಗೆ ಅಪಸ್ಮಾರ ಬರುವವರಿಗೆ ಅದು ನಿಜಕ್ಕೂ ಅಪಾಯ. 120ರ ವೇಗದಲ್ಲಿ ಪ್ರತಿ ಬೀಟ್‌ಗೆ ಒಂದು ಮಿನುಗು ಅಂದರೆ ಸೆಕೆಂಡಿಗೆ ಎರಡು, ಸರಿ. ಅರ್ಧ ಬೀಟ್‌ಗೊಂದು ಅಂದರೆ ನಾಲ್ಕು, ಮಿತಿ ಮೀರಿತು. ಕಡುಗೆಂಪು ಮಿನುಗು ಇನ್ನೂ ಕೆಟ್ಟದ್ದು.

ಕಲಾವಿದರ ಹೆಸರಿಗೆ ಕನಿಷ್ಠ ಎರಡು ಸೆಕೆಂಡ್ ಕೊಡಿ. ನಮ್ಮ ಲೆಕ್ಕದಲ್ಲಿ ಒಂದು ಬಾರ್, 2.4 ಸೆಕೆಂಡ್, ಹಿತವಾಗಿರುತ್ತದೆ. ಕನ್ನಡದಲ್ಲಿ ಹೆಸರು ಬರೆಯುವಾಗ ಒಂದೊಂದೇ ಅಕ್ಷರ ಹಾರಿಬರುವ ರೆಡಿಮೇಡ್ ಎಫೆಕ್ಟ್ ಹಾಕಿದರೆ 'ಕೃಷ್ಣ' ಎಂಬುದು ಚೂರುಚೂರಾಗಿ, ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಹೋಗಬಹುದು. ಕಂಪ್ಯೂಟರ್‌ಗೆ ಒತ್ತಕ್ಷರ ಅಂದರೆ ಹಲವು ಕೋಡ್‌ಗಳ ಸಾಲು, ಎಫೆಕ್ಟ್ ಆ ಸಾಲನ್ನು ನಡುವೆಯೇ ಮುರಿಯುತ್ತದೆ. ಹೆಸರನ್ನು ಔಟ್‌ಲೈನ್‌ಗೆ (ಬರೀ ಗೆರೆಯ ಆಕಾರಕ್ಕೆ) ಬದಲಿಸಿ, ಅಕ್ಷರ, ಗುಣಿತ, ಒತ್ತು ಮೂರನ್ನೂ ಒಂದು ಗುಂಪು ಮಾಡಿ, ಆಮೇಲೆ ಕುಣಿಸಿ. ಔಟ್‌ಲೈನ್ ಆದಮೇಲೆ ಕಾಗುಣಿತ ತಿದ್ದಲಾಗದು, ಆದ್ದರಿಂದ ಮೊದಲೇ ಓದಿಸಿ.

ಕೆಲಸ ಮುಗಿದ ಮೇಲೂ ಸಿಂಕ್ ಕೆಡುವುದುಂಟು. 44.1 ಕಿಲೋಹರ್ಟ್ಸ್ ಫೈಲನ್ನು ಯಾವುದಾದರೂ ಹಂತದಲ್ಲಿ 48 ಎಂದೇ ಓದಿಸಿದರೆ ಸಂಗೀತ ಸುಮಾರು ಶೇ. 9ರಷ್ಟು ವೇಗವಾಗುತ್ತದೆ, ಶ್ರುತಿಯೂ ಏರುತ್ತದೆ. ಅದು ಕೂಡಲೇ ಗೊತ್ತಾಗುವ ತಪ್ಪು. ಮೋಸ ಮಾಡುವುದು ಸೆಕೆಂಡಿಗೆ 24 ಫ್ರೇಮ್ ಮತ್ತು 23.976 ಫ್ರೇಮ್‌ನ ಗೊಂದಲ: ಒಂದು ನಿಮಿಷಕ್ಕೆ 60 ಮಿಲಿಸೆಕೆಂಡ್, ಹೆಚ್ಚೂಕಡಿಮೆ ಒಂದೂವರೆ ಫ್ರೇಮ್. ಶುರುವಿನಲ್ಲಿ ಎಲ್ಲ ಸರಿ, ಹೆಸರು ಬೀಳುವಲ್ಲಿ ಸಡಿಲ. ಎಂಪಿ3 ಬೇಡ, ಅದರ ಆರಂಭದಲ್ಲಿ ಎನ್‌ಕೋಡರ್ ಸೇರಿಸಿದ ಚೂರು ಮೌನ ಇರುತ್ತದೆ. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲನ್ನೇ ಕೇಳಿ ಪಡೆಯಿರಿ. ಮೊದಲ ಫ್ರೇಮ್‌ಗೆ ಸರಿಯಾಗಿ ಎರಡು ಸೆಕೆಂಡ್ ಮುಂಚೆ ಒಂದು ಫ್ರೇಮ್‌ನಷ್ಟು ಬೀಪ್ ಇರಲಿ. ಅದು ಚಿತ್ರದಲ್ಲಿ ಅದೇ ಜಾಗಕ್ಕೆ ಹಾಕಿದ ಗುರುತಿಗೆ ಕೂತರೆ ಶುರು ಸರಿ ಕೂತಂತೆ. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಸಿಂಕ್ ತೀರ್ಮಾನಿಸಬೇಡಿ, ಸದ್ದು ನೂರಿನ್ನೂರು ಮಿಲಿಸೆಕೆಂಡ್ ತಡವಾಗಿ ಬರಬಹುದು.

ಕೊನೆಗೆ ಒಮ್ಮೆ ಫೋನ್‌ನ ಸಣ್ಣ ಸ್ಪೀಕರ್‌ನಲ್ಲಿ ಓಡಿಸಿ ನೋಡಿ. ಹೆಸರು ಬೀಳುವ ಪೆಟ್ಟನ್ನು ಬರೀ 50 ಹರ್ಟ್ಸ್‌ನ ಗುಡುಗಿನಿಂದ ಕಟ್ಟಿದ್ದರೆ ಅಲ್ಲಿ ಏನೂ ಕೇಳುವುದಿಲ್ಲ, ಅಕ್ಷರ ಸದ್ದಿಲ್ಲದೆ ಬಂದು ನಿಲ್ಲುತ್ತದೆ. ಅದೇ ಕ್ಷಣಕ್ಕೆ ಎರಡರಿಂದ ನಾಲ್ಕು ಕಿಲೋಹರ್ಟ್ಸ್ ಆಸುಪಾಸಿನ ಒಂದು ಚುರುಕು ಸದ್ದು, ಮರದ ಕಡ್ಡಿ ತಾಗಿದಂಥದ್ದೋ ಲೋಹ ತಟ್ಟಿದಂಥದ್ದೋ, ಮೆಲ್ಲಗೆ ಸೇರಿಸಲು ಮಿಕ್ಸಿಂಗ್ ಮಾಡುವವರಿಗೆ ಹೇಳಿ.